ಅತ್ತೆ ಮೋಟಾರ್ ಸೈಕಲ್ ಹತ್ತಿದ್ದು

ಹಾಸನದಿಂದ ಊರಿಗೆ ಬರುತ್ತಿದ್ದೆ. ಬಸ್ಸು ಹಗರೆಯಲ್ಲಿ ಹಳೇಬೀಡಿನ ರಸ್ತೆಗೆ ತಿರುಗಿ ಸ್ವಲ್ಪ ದೂರ ಬಂದಿತ್ತೋ ಇಲ್ಲವೋ, ಮೂಗಿಗೆ ಒಂದು ವಾಸನೆ ಬಡಿಯಿತು. ರಬ್ಬರು ಸುಟ್ಟಂತೆ, ಕೂದಲು ಸೀದಂತೆ, ಅವೆರಡೂ ಅಲ್ಲದಂತೆ. ಬಸ್ಸಿನಲ್ಲಿದ್ದವರೆಲ್ಲ ಮೊಬೈಲಿನಲ್ಲಿ ಮುಳುಗಿದ್ದರು. ನಾನು ಕಂಡಕ್ಟರನ್ನು ಕರೆದು, "ನೋಡಪ್ಪ, ಹಿಂದಿನ ಬ್ರೇಕ್ ಹಿಡೀತಿದೆ" ಅಂದೆ. ಅವನು ನನ್ನ ನರೆತ ತಲೆಯನ್ನೊಮ್ಮೆ ನೋಡಿ, "ಕೂತ್ಕಳಿ ಅಜ್ಜಿ, ಯಾರೋ ಹೊಲ್ದಲ್ಲಿ ಕಸ ಸುಡ್ತಾವ್ರೆ" ಅಂದ. ಸ್ವಲ್ಪ ಹೊತ್ತಿಗೆ ಡ್ರೈವರೇ ಬಸ್ಸನ್ನು ಪಕ್ಕಕ್ಕೆ ಹಾಕಿ ಇಳಿದ. ಹಿಂದಿನ ಚಕ್ರದ ಹತ್ತಿರ ಬಗ್ಗಿ ನೋಡಿ, "ಬ್ರೇಕ್ ಜಾಮ್ ಆಗೈತೆ, ಎಲ್ರೂ ಇಳ್ಕಳಿ, ತಣ್ಣಗಾಗ್ಲಿ" ಎಂದು ಕೂಗಿದ. ಕಂಡಕ್ಟರು ಮತ್ತೆ ನನ್ನ ಕಡೆ ತಿರುಗಿ ನೋಡಲಿಲ್ಲ.

ರಸ್ತೆ ಬದಿಯ ಹೊಂಗೆ ಮರದ ಕೆಳಗೆ ಕೂತೆವು. ನನ್ನ ಪಕ್ಕದ ಸೀಟಿನಲ್ಲಿದ್ದ ಅಡಗೂರಿನ ಹೆಂಗಸೊಬ್ಬಳು ಬೆರಗಿನಿಂದ, "ಅಜ್ಜಿ, ನೀವು ಮುಂಚೆ ಗಾಡಿ ಓಡಿಸ್ತಿದ್ರಾ?" ಎಂದು ಕೇಳಿದಳು. ನಗು ಬಂತು. ನನಗೆ ಸೈಕಲ್ಲು ತುಳಿಯುವುದಕ್ಕೂ ಬರುವುದಿಲ್ಲ. ಪ್ರಪಂಚದ ಅಷ್ಟೂ ವಾಹನಗಳ ಅಷ್ಟೂ ರೋಗಗಳಲ್ಲಿ ನನಗೆ ಗೊತ್ತಿರುವುದು ಇದೊಂದೇ. ಅದನ್ನು ಕಲಿಯುವಷ್ಟರಲ್ಲಿ ನನ್ನ ಮಾನ ಮೂರುಕಾಸಿಗೆ ಹೋಗುವುದರಲ್ಲಿತ್ತು. ಬಸ್ಸು ಹೇಗೂ ಈಗಲೇ ಹೊರಡುವುದಿಲ್ಲ, ನೀವೂ ಕೂತುಕೊಳ್ಳಿ, ಹೇಳುತ್ತೇನೆ.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ನಾನು ಅರಸೀಕೆರೆಯಿಂದ ಹಳೇಬೀಡಿಗೆ ಸೊಸೆಯಾಗಿ ಬಂದೆ. ಬಸದಿಗೆ ಹೋಗುವ ದಾರಿಯಲ್ಲಿ ನಮ್ಮ ಮನೆ, ಬಸ್ ಸ್ಟ್ಯಾಂಡಿನ ಹತ್ತಿರ ನಮ್ಮ ಪಾತ್ರೆ ಅಂಗಡಿ. ಮಾವನವರು ನಾನು ಬರುವ ಮೊದಲೇ ತೀರಿಕೊಂಡಿದ್ದರು. ಮನೆಯಲ್ಲಿ ಅತ್ತೆ, ನಮ್ಮ ಯಜಮಾನರು, ನಾನು, ಅಷ್ಟೇ. ಯಜಮಾನರು ಬಲು ಸಣಕಲು ಆಸಾಮಿ. ಜೋರಾಗಿ ಗಾಳಿ ಬೀಸಿದರೆ ಕೈ ಹಿಡಿದುಕೊಳ್ಳಬೇಕು ಅನ್ನಿಸುತ್ತಿತ್ತು. ನಾನೋ ತೆಂಗಿನ ಸೀಮೆಯ ಹುಡುಗಿ, ತುಪ್ಪ ಕೊಬ್ಬರಿ ತಿಂದು ಬೆಳೆದವಳು. ನಮ್ಮಿಬ್ಬರ ಮದುವೆಯ ಫೋಟೋ ನೋಡಿ ನಗದವರಿಲ್ಲ, ನಾನೂ ನಕ್ಕಿದ್ದೇನೆ. ಇನ್ನು ಅತ್ತೆಯವರು ನನ್ನನ್ನೂ ಮೀರಿಸಿದವರು. ಅವರು ಜಗಲಿಯ ಮೇಲೆ ಕೂತರೆ ಇನ್ನೊಬ್ಬರಿಗೆ ಜಾಗ ಹುಡುಕಬೇಕಿತ್ತು.

ಮದುವೆಗೆ ಸ್ವಲ್ಪ ಮುಂಚೆ ಯಜಮಾನರು ಒಂದು ಸೆಕೆಂಡ್ ಹ್ಯಾಂಡ್ ಮೋಟಾರ್ ಸೈಕಲ್ ಕೊಂಡಿದ್ದರು. ಅದನ್ನು ಒರೆಸುವುದಕ್ಕೆ ಮಾವನವರ ಹಳೆಯ ಮೆತ್ತನೆಯ ಪಂಚೆಯೇ ಆಗಬೇಕು. ಅತ್ತೆಗೆ ಮಾತ್ರ ಅದನ್ನು ಕಂಡರಾಗದು. "ಎರಡು ಗಾಲಿ ಮೇಲೆ ನಿಂತ್ಕೊಳ್ಳೋಕೇ ಆಗದ ಸಾಮಾನು, ಅದು ಮನುಷ್ಯರನ್ನ ಹೊರುತ್ತಾ?" ಅನ್ನುತ್ತಿದ್ದರು. ಬೇಲೂರಿಗಾಗಲಿ ಹಾಸನಕ್ಕಾಗಲಿ ಅವರು ಹೋಗುತ್ತಿದ್ದದ್ದು ಬಸ್ಸಿನಲ್ಲೇ. ಡ್ರೈವರಿನ ಹಿಂದಿನ ಸೀಟು, ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಯಾರೊಡನೆಯೂ ಮಾತಿಲ್ಲ.

ನಾನು ಮೊದಲ ಸಲ ಆ ಗಾಡಿ ಹತ್ತಿ ತವರಿಗೆ ಹೊರಟ ದಿನ ಜಾವಗಲ್ ಹತ್ತಿರ ಒಂದು ಹೇಂಟೆ ಕೋಳಿ ಮರಿಗಳ ಸಮೇತ ರಸ್ತೆಗೆ ನುಗ್ಗಿತು. ಯಜಮಾನರು ಬ್ರೇಕ್ ಒತ್ತಿದರು. ಗಾಡಿ ಓಲಾಡುತ್ತಾ ಸ್ವಲ್ಪ ದೂರ ಹೋಗಿ ನಿಂತಿತು. ಹೇಂಟೆ ಕಿರುಚಿಕೊಂಡು ಬೇಲಿ ಹಾರಿತ್ತು, ಒಂದು ಪುಕ್ಕ ಮಾತ್ರ ರಸ್ತೆಯಲ್ಲಿ ಬಿದ್ದಿತ್ತು. ಬಿದ್ದೆನೋ ಇದ್ದೆನೋ ಎಂದು ನನ್ನನ್ನು ಯಾರೂ ಕೇಳಲಿಲ್ಲ ಅನ್ನಿ. ನಮ್ಮವರು ಗಾಡಿಯನ್ನು ನನ್ನ ಕೈಗೆ ಕೊಟ್ಟು, ಬೇಲಿಯೊಳಗೆ ತಲೆ ತೂರಿಸಿ, ಮರಿಗಳೆಲ್ಲ ಕ್ಷೇಮವೇ ಎಂದು ನೋಡುತ್ತಾ ನಿಂತರು. ಆ ಹೊಲದವನು ಬಂದು, "ಏನ್ ಸಾಮಿ, ಏನಾರಾ ಬಿದ್ದೋಯ್ತಾ?" ಎಂದು ತಾನೂ ಹುಡುಕತೊಡಗಿದ.

ಇರುವೆ ಸಾಲು ಅಡ್ಡ ಬಂದರೆ ತುಳಿಯದೆ ದಾಟಿಕೊಂಡು ಹೋಗುವ ಜೈನ ಮನೆತನ ನಮ್ಮದು. ಅಂಥ ಮನೆಯ ಮಗ ಅವತ್ತು ಸಂಜೆ ಊಟ ಮಾಡಲಿಲ್ಲ. ಮಾರನೆಯ ಬೆಳಿಗ್ಗೆ ಬಸದಿಗೆ ಹೋಗಿ ಬಂದವರೇ ಗಾಡಿಯನ್ನು ಸ್ಟ್ಯಾಂಡಿನ ಮೇಲೆ ಎತ್ತಿ ನಿಲ್ಲಿಸಿ, ಹಿಂದಿನ ಚಕ್ರದ ಪಕ್ಕ ಕೂತು ಒಂದು ನಟ್ಟನ್ನು ತಿರುಗಿಸಿದರು. ಕಾಲಿನ ಪೆಡಲಿನಿಂದ ಹಿಂದಿನ ಚಕ್ರದವರೆಗೆ ಒಂದು ಉದ್ದನೆಯ ಕಂಬಿ. ಅದರ ತುದಿಯಲ್ಲಿ ಆ ನಟ್ಟು. ತಿರುಗಿಸಿದಷ್ಟೂ ಬ್ರೇಕ್ ಬಿಗಿ. "ಇನ್ನು ಕಾಲಿಟ್ಟರೆ ಸಾಕು, ಅಲ್ಲೇ ನಿಲ್ಲುತ್ತೆ" ಅಂದರು. ಅಷ್ಟಕ್ಕೆ ಬಿಡಲಿಲ್ಲ. ಬಸದಿಯಿಂದ ಬಂದ ಮೇಲೆ ಆ ನಟ್ಟಿಗೆ ಕೈ ಹಚ್ಚುವುದು ದಿನದ ವ್ರತವೇ ಆಯಿತು. ಚಕ್ರವನ್ನು ಕೈಯಲ್ಲಿ ತಿರುಗಿಸಿ ನೋಡುವರು, ಸುತ್ತುತ್ತದೆ, ಸರಿ. ಇನ್ನೊಂದು ಚೂರು ಬಿಗಿ ಮಾಡುವರು. ಪ್ರಪಂಚದ ಕೋಳಿಗಳೆಲ್ಲ ಇವರ ಒಬ್ಬರ ಬ್ರೇಕನ್ನೇ ನಂಬಿಕೊಂಡಿವೆ ಅನ್ನುವ ಹಾಗೆ.

ಅಲ್ಲಿಂದ ಶುರುವಾಯಿತು ನನ್ನ ಗ್ರಹಚಾರ. ಅವರೊಬ್ಬರೇ ಹೋದರೆ ಗಾಡಿ ಗಾಳಿಯ ಹಾಗೆ ಓಡುವುದು. ನಾನು ಹಿಂದೆ ಕೂತರೆ ಏದುಸಿರು ಬಿಡುವುದು. ಕೆರೆ ಏರಿ ದಾಟುವಷ್ಟರಲ್ಲಿ ಎಂಜಿನ್ ಗೋಳಾಡುವುದು, ಆಮೇಲೆ ಆ ಸುಟ್ಟ ವಾಸನೆ. ನಿಲ್ಲಿಸಿ ಇಳಿದು ಮರದ ನೆರಳು ಹುಡುಕಿ ಕೂತರೆ ಸ್ವಲ್ಪ ಹೊತ್ತಿಗೆ ಏನೂ ಆಗಿಲ್ಲವೆಂಬಂತೆ ಹೊರಡುವುದು, ಮತ್ತೆ ಅದೇ ಪಾಡು. ಎಂಜಿನ್ನಿನದೇ ದೋಷವೆಂದು ಇವರು ಪ್ಲಗ್ ಬದಲಾಯಿಸಿದರು, ಕಾರ್ಬ್ಯುರೇಟರ್ ತೊಳೆದರು. ಬೇಲೂರಿನ ಮೆಕ್ಯಾನಿಕ್ ಪುಟ್ಟರಾಜುವಿನ ಹತ್ತಿರ ತೆಗೆದುಕೊಂಡು ಹೋದರು. ಹೆಂಗಸರು ವರ್ಕ್‌ಶಾಪಿಗೆ ಹೋಗುವ ಪದ್ಧತಿ ಎಲ್ಲಿತ್ತು? ಒಬ್ಬರೇ ಹೋದರು. ಪುಟ್ಟರಾಜು ಗಾಡಿಯನ್ನು ಸ್ಟ್ಯಾಂಡ್ ಹಾಕಿ, ಚಕ್ರ ತಿರುಗಿಸಿ, ಒಂದು ಸುತ್ತು ಓಡಿಸಿಕೊಂಡು ಬಂದು, "ಏನೂ ಐಬಿಲ್ಲ ಕಣ್ರೀ ಸಾವ್ಕಾರ್ರೇ. ಗಾಲಿ ಬುಗುರಿ ಸುತ್ತಿದಂಗೆ ಸುತ್ತತೈತೆ. ನಿಮ್ಗೇ ಯಾಕೋ ಅನುಮಾನ" ಅಂದನಂತೆ. ಇವರು ಸಂತೋಷವಾಗಿ ಮನೆಗೆ ಬಂದರು. ನಾನು ಹತ್ತಿದೆ. ಕೆರೆ ಏರಿಯ ಮೇಲೆ ಮತ್ತೆ ವಾಸನೆ.

ಇದರಿಂದ ಆಗುತ್ತಿದ್ದ ದೊಡ್ಡ ಪಜೀತಿ ಊಟದ್ದು. ನಮ್ಮಲ್ಲಿ ಹೊತ್ತು ಮುಳುಗಿದ ಮೇಲೆ ಊಟವಿಲ್ಲ. ಸಂಜೆಯ ಬಿಸಿಲು ಇರುವಾಗಲೇ ಉಂಡು, ಒಲೆ ಆರಿಸಿ, ಅಡಿಗೆಮನೆ ಸಾರಿಸಿಬಿಡುವುದು. ಅರಸೀಕೆರೆಗೆ ಹೋದವರು ಮಧ್ಯಾಹ್ನವೇ ಹೊರಟರೂ ದಾರಿಯಲ್ಲಿ ಗಾಡಿ ಆರಿಸುತ್ತಾ ಆರಿಸುತ್ತಾ ಮನೆ ಮುಟ್ಟುವಾಗ ಮಸುಕು. ಅತ್ತೆ ನಮಗಾಗಿ ಕಾದು, ಪಡುವಣ ನೋಡಿ ನೋಡಿ, ಕೊನೆಗೆ ತಾವೂ ಉಣ್ಣದೆ ಪಾತ್ರೆ ಮುಚ್ಚಿಟ್ಟಿರುತ್ತಿದ್ದರು. ಮೂವರೂ ಖಾಲಿ ಹೊಟ್ಟೆಯಲ್ಲಿ ಮಲಗುವುದು. ಹೊಸ ಸೊಸೆಗೆ ಹೊಟ್ಟೆ ಗುರ್ರೆನ್ನುವ ಸದ್ದನ್ನು ಅತ್ತೆಗೆ ಕೇಳಿಸದಂತೆ ಅಡಗಿಸುವುದೇ ಒಂದು ಕೆಲಸ.

ಎದುರು ಮನೆಯ ಜಯಮ್ಮ ಇದನ್ನೆಲ್ಲ ನೋಡುತ್ತಲೇ ಇದ್ದರು. ಒಂದು ದಿನ ಜಗಲಿಯಲ್ಲಿ ಅತ್ತೆಯ ಹತ್ತಿರ, "ಅಲ್ಲ ಕಣಕ್ಕ, ನಿನ್ ಮಗ ಒಬ್ನೇ ಹೋದ್ರೆ ಓಡ್ತೈತೆ. ಆ ಹುಡ್ಗಿ ಹತ್ತಿದ್ರೆ ನಿಂತ್ಕತೈತೆ. ಕಾಲ್ಗುಣ ಅನ್ನೋದು ಸುಮ್ನೆ ಅಲ್ಲ" ಅಂದರು. ಕಾಲ್ಗುಣದ ಲೆಕ್ಕಾಚಾರ ನಿಮಗೆ ಗೊತ್ತಲ್ಲ. ಎಮ್ಮೆ ಹಾಲು ಜಾಸ್ತಿ ಕೊಟ್ಟರೆ ಅದು ಎಮ್ಮೆಯ ಗುಣ, ಒದ್ದರೆ ಸೊಸೆಯದು. ಒಳಗಿದ್ದ ನಾನು ಅತ್ತೆ ಏನು ಹೇಳುತ್ತಾರೋ ಎಂದು ಉಸಿರು ಬಿಗಿಹಿಡಿದೆ. ಅತ್ತೆ, "ನನಗೂ ಹಾಗೇ ಅನ್ನಿಸ್ತಿದೆ ಜಯಮ್ಮ" ಅಂದರು. ಆ ಮಾತು ಎದೆಗೆ ನಾಟಿತು. ಅಡಿಗೆಮನೆಗೆ ಹೋಗಿ ಸದ್ದಿಲ್ಲದೆ ಕಣ್ಣೀರು ಹಾಕಿದೆ.

ಅದೇ ಸಮಯಕ್ಕೆ ಅರಸೀಕೆರೆಯಲ್ಲಿ ನನ್ನ ಅಮ್ಮನಿಗೆ ಜ್ವರ ಹಿಡಿಯಿತು. ಟೈಫಾಯ್ಡ್ ಅಂದರು ಡಾಕ್ಟರು. ವಾರಗಟ್ಟಲೆ ಬಿಡಲಿಲ್ಲ. ಅಮ್ಮ ಯಾರು ಕೊಟ್ಟರೂ ಗಂಜಿ ಬೇಡ ಅನ್ನುವಳು, ನಾನು ಹೋಗಿ ಬಾಯಿಗಿಟ್ಟರೆ ನಾಲ್ಕು ಗುಟುಕು ಕುಡಿಯುವಳು. ಅಂಗಡಿಗೆ ರಜೆ ಇದ್ದ ದಿನ ನಮ್ಮವರು ಕರೆದುಕೊಂಡು ಹೋಗಿ ಬರುತ್ತಿದ್ದರು. ಬಸ್ಸಿನಲ್ಲಿ ಒಬ್ಬಳೇ ಹೋಗಿ ಬರುವುದಕ್ಕೆ ಹೊಸ ಸೊಸೆಯನ್ನು ಯಾರೂ ಕಳಿಸುತ್ತಿರಲಿಲ್ಲ, ಇವರ ಜೊತೆ ಹೋದರೂ ಬಸ್ಸಿನ ಹೊತ್ತಿಗೆ ಅದೇ ದಿನ ಹಿಂದಿರುಗಲಾಗುತ್ತಿರಲಿಲ್ಲ. ಹೀಗಾಗಿ ಅಮ್ಮನಿಗೂ ನನಗೂ ನಡುವೆ ಇದ್ದದ್ದು ಆ ಮೋಟಾರ್ ಸೈಕಲ್ ಒಂದೇ. ಜಗಲಿಯ ಮಾತಾದ ಮೇಲೆ ಅತ್ತೆ ಮಗನಿಗೆ ಹೇಳಿಬಿಟ್ಟರು: "ಸದ್ಯಕ್ಕೆ ಅವಳನ್ನ ಅದರ ಮೇಲೆ ಕೂರಿಸ್ಬೇಡ. ದಾರಿಯಲ್ಲಿ ಏನಾದ್ರೂ ಆದ್ರೆ ಯಾರು ಹೊಣೆ? ಒಳ್ಳೇ ಕಾಲ ಬರಲಿ, ನೋಡೋಣ." ಒಳ್ಳೆಯ ಕಾಲ ಬರುವವರೆಗೆ ಅಮ್ಮ ಇರುತ್ತಾಳೋ ಇಲ್ಲವೋ ಎಂದು ನನಗೆ ದಿಗಿಲು. ಕೇಳುವ ಧೈರ್ಯವಿಲ್ಲ. ಯಜಮಾನರು ತಮ್ಮ ತಾಯಿಯ ಮುಖ ಒಮ್ಮೆ, ನನ್ನ ಮುಖ ಒಮ್ಮೆ ನೋಡಿ, ಗಾಡಿ ಒರೆಸಲು ಹೊರಟುಹೋದರು.

ಆಮೇಲೊಂದು ಬೆಳಿಗ್ಗೆ ಅರಸೀಕೆರೆ ಬಸ್ಸಿನ ಕಂಡಕ್ಟರು ಅಂಗಡಿಗೆ ಬಂದು, ನನ್ನ ಅಣ್ಣ ಹೇಳಿಕಳಿಸಿದ್ದಾನೆಂದು ಹೇಳಿ ಹೋದ: "ಅಮ್ಮಾವ್ರು ನೀರೂ ಕುಡೀತಿಲ್ವಂತೆ, ಮಗಳು ಬಂದು ಹೋಗ್ಲಿ ಅಂದ್ರು." ಯಜಮಾನರು ಓಡಿ ಬಂದರು. ನಾನು ಕಂಬ ಹಿಡಿದು ನಿಂತೆ. ಅತ್ತೆ ಅಕ್ಕಿ ಆರಿಸುತ್ತಿದ್ದ ಮೊರವನ್ನು ಕೆಳಗಿಟ್ಟು ಎದ್ದರು. "ನಡಿಯೋ, ಬೀಗಿತ್ತಿನ ನಾನೇ ನೋಡ್ಕೊಂಡು ಬರ್ತೀನಿ. ಗಾಡಿ ತೆಗಿ" ಅಂದರು.

ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. "ಅಮ್ಮ, ನೀನು? ಗಾಡಿ ಮೇಲಾ?" ಎಂದರು ಇವರು. "ಯಾಕೆ, ನಾನೇನು ಕೂರಬಾರದಾ?" ಅತ್ತೆಯನ್ನು ಹತ್ತಿಸಲು ಜಗಲಿಯ ಮೆಟ್ಟಿಲಿನ ಪಕ್ಕಕ್ಕೇ ಗಾಡಿ ತರಬೇಕಾಯಿತು. ಒಂದು ಕೈ ಮಗನ ಹೆಗಲ ಮೇಲೆ, ಇನ್ನೊಂದು ಕೈಯಲ್ಲಿ ಸೀಟಿನ ಹಿಂದಿನ ಸರಳು. ಕಣ್ಣು ಮುಚ್ಚಿ ಬಾಯಲ್ಲಿ ಣಮೋಕಾರ ಮಂತ್ರ ಹೇಳಿಕೊಳ್ಳುತ್ತಿದ್ದರು. ಜಯಮ್ಮ ತಮ್ಮ ಬಾಗಿಲಲ್ಲಿ ಪೊರಕೆ ಹಿಡಿದವರು ಹಾಗೇ ನಿಂತಿದ್ದರು. ಗಾಡಿ ಹೊರಟಿತು. ನನ್ನ ಅಮ್ಮ ಕರೆದದ್ದು ನನ್ನನ್ನು, ಹೋದದ್ದು ಅತ್ತೆ. ಅಳು ಕೂಡ ಬರಲಿಲ್ಲ, ಮೊರದ ಅಕ್ಕಿಯನ್ನೇ ನೋಡುತ್ತಾ ಕೂತೆ.

ಅಕ್ಕಿ ಇನ್ನೂ ಅರ್ಧ ಆರಿಸಿರಲಿಲ್ಲ, ಬೀದಿಯ ತುದಿಯಲ್ಲಿ ಯಜಮಾನರು ಗಾಡಿ ತಳ್ಳಿಕೊಂಡು ಬರುವುದು ಕಾಣಿಸಿತು. ಹಿಂದೆ ಅತ್ತೆ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಕೆಂಪೇರಿದ ಮುಖದಲ್ಲಿ ನಡೆದು ಬರುತ್ತಿದ್ದರು. ಅವರಿಗಿಂತ ಮೊದಲು ಮನೆ ಸೇರಿದ್ದು ಆ ಸುಟ್ಟ ವಾಸನೆ. ಗಾಡಿ ಕೆರೆ ಏರಿ ದಾಟಿ ಸ್ವಲ್ಪ ದೂರ ಹೋಗಿ ಮುಷ್ಕರ ಹೂಡಿತ್ತು. ನನಗೆ ಎದೆಯಲ್ಲಿ ಏನೋ ಚಿಮ್ಮಿದ ಹಾಗಾಯಿತು. ಅದು ಸಂತೋಷವೇ. ಅತ್ತೆ ಸುಸ್ತಾಗಿ ಬಂದಿರುವಾಗ ಸಂತೋಷಪಡುವುದು ಸರಿಯಲ್ಲವೆಂದು ಮುಖವನ್ನು ಗಂಭೀರ ಮಾಡಿಕೊಂಡೆ.

ಅತ್ತೆ ಕೂರಲಿಲ್ಲ, ನೀರು ಕೇಳಲಿಲ್ಲ. ಗಾಡಿಯನ್ನೇ ನೋಡುತ್ತಾ ಮಗನನ್ನು ಕೇಳಿದರು: "ನಾನು ಇಳಿದ ಮೇಲೆ ನೀನು ತಳ್ಕೊಂಡು ಬಂದೆಯಲ್ಲ, ಭಾರ ಆಯ್ತಾ?"

"ಇಲ್ಲಮ್ಮ. ಹಗುರವಾಗಿ ಬಂತು."

"ಹಾಗಾದ್ರೆ ಕೂತಾಗ ಕಚ್ಕೊಳ್ಳುತ್ತೆ, ಇಳಿದಾಗ ಬಿಡುತ್ತೆ. ಹತ್ತು, ನಾನೂ ಮತ್ತೆ ಕೂರ್ತೀನಿ. ಅಮ್ಮಣ್ಣಿ, ನೀನು ಹಿಂದಿನಿಂದ ತಳ್ಳು."

ಅಮ್ಮಣ್ಣಿ ಅಂದರೆ ನಾನು. ಅವರಿಬ್ಬರೂ ಕೂತರು. ನಾನು ಸೆರಗು ಬಿಗಿದು ತಳ್ಳಿದೆ. ಮನೆಯನ್ನೇ ತಳ್ಳಿದ ಹಾಗಾಯಿತು, ಒಂದಿಷ್ಟೂ ಅಲ್ಲಾಡಲಿಲ್ಲ. ಅತ್ತೆ ಇಳಿದರು, ಒಂದು ಕೈಯಲ್ಲಿ ತಳ್ಳಿದರೆ ಜಾರಿಕೊಂಡು ಹೋಯಿತು. "ಕೂತ್ಕೊಳ್ತೀನಿ, ಈಗ ಗಾಲಿ ಹತ್ರ ಬಗ್ಗಿ ನೋಡು" ಅಂದರು. ಬಗ್ಗಿದೆ. ಅತ್ತೆ ಕೂತ ಕೂಡಲೇ ಗಾಡಿಯ ಹಿಂಭಾಗ ಕುಗ್ಗಿತು. ಅದು ಕುಗ್ಗುತ್ತಿದ್ದ ಹಾಗೆ ಬ್ರೇಕಿನ ಉದ್ದನೆಯ ಕಂಬಿ, ಚಕ್ರದ ಮಧ್ಯದಲ್ಲಿದ್ದ ಮೋಟು ತೋಳಿನಂಥ ಕಬ್ಬಿಣವನ್ನು ಮುಂದಕ್ಕೆ ಎಳೆಯಿತು. ಪೆಡಲ್ ಯಾರೂ ಒತ್ತಿರಲಿಲ್ಲ. ಅತ್ತೆಯ ಭಾರವೇ ಬ್ರೇಕ್ ಹಾಕಿತ್ತು.

"ಅತ್ತೆ, ಇನ್ನೊಂದು ಸಲ ಇಳೀರಿ" ಅಂದೆ. ಇಳಿದರು. ಕಬ್ಬಿಣದ ತೋಳು ಹಿಂದಕ್ಕೆ ಹೋಯಿತು. "ಕೂತ್ಕೊಳ್ಳಿ." ಕೂತರು. ಮುಂದಕ್ಕೆ ಬಂತು. "ಇಳೀರಿ." ಸೊಸೆ ಹೇಳಿದಂತೆ ಅತ್ತೆ ಕೂತು ಏಳುವ ದೃಶ್ಯವನ್ನು ನಮ್ಮ ಬೀದಿ ಅದಕ್ಕೆ ಮುಂಚೆ ನೋಡಿರಲಿಲ್ಲ. ಜಯಮ್ಮ ಪೊರಕೆ ಸಮೇತ ನಮ್ಮ ಅಂಗಳಕ್ಕೇ ಬಂದುಬಿಟ್ಟಿದ್ದರು.

ಯಜಮಾನರ ಮುಖ ಸಣ್ಣದಾಯಿತು. ಅವರು ದಿನಾ ಬೆಳಿಗ್ಗೆ ನಟ್ಟು ಬಿಗಿ ಮಾಡುತ್ತಿದ್ದದ್ದು ಸ್ಟ್ಯಾಂಡಿನ ಮೇಲೆ, ಖಾಲಿ ಗಾಡಿಯಲ್ಲಿ. ಪುಟ್ಟರಾಜು ನೋಡಿದ್ದೂ ಹಾಗೇ. ಖಾಲಿ ಗಾಡಿಯಲ್ಲಿ ಚಕ್ರ ಸುತ್ತುತ್ತಿತ್ತು, ಇವರ ಸಣಕಲು ಮೈಗೂ ಸುತ್ತುತ್ತಿತ್ತು. ಆದರೆ ಕೂದಲೆಳೆಯಷ್ಟೂ ಸಡಿಲ ಉಳಿದಿರಲಿಲ್ಲ. ಹಿಂದೆ ಒಬ್ಬರು ಪುಷ್ಟಿಯಾದವರು ಕೂತರೆ ಮುಗಿಯಿತು, ಹಿಡಿದ ಬ್ರೇಕನ್ನೇ ಎಳೆದುಕೊಂಡು ಎಂಜಿನ್ ಒದ್ದಾಡಬೇಕು.

"ಅಷ್ಟು ಬಿಗಿ ಯಾಕೋ ಮಾಡ್ದೆ?" ಎಂದು ಅತ್ತೆ ಕೇಳಿದರು.

"ಕೋಳಿ..." ಅಂದರು ಯಜಮಾನರು.

ಅತ್ತೆಗೆ ಕೋಳಿಯ ಕಥೆಯನ್ನು ಅವತ್ತೇ ಮೊದಲು ಹೇಳಿದ್ದು. ಕೇಳಿ ಮುಗಿಸಿ, "ಜೀವ ಉಳಿಸ್ಬೇಕಾದ್ರೆ ನಿಧಾನವಾಗಿ ಓಡಿಸ್ಬೇಕು ಕಣೋ. ಬಿಗಿ ಮಾಡಿದ ಬ್ರೇಕ್ ಇದೆ ಅಂತ ಜೋರಾಗಿ ಓಡಿಸೋದಾ?" ಅಂದರು. ಆಮೇಲೆ ತಾವೇ ಹೋಗಿ ಸೀಟಿನ ಮೇಲೆ ಕೂತರು. "ನಾನು ಕೂತಿರೋವಾಗಲೇ ನಟ್ಟು ಸಡಿಲ ಮಾಡಿ. ನಾನು ಕೂತಾಗ ಗಾಲಿ ತಿರುಗಿದ್ರೆ ಊರಲ್ಲಿ ಯಾರಿಗಾದ್ರೂ ತಿರುಗುತ್ತೆ." ಯಜಮಾನರು ಗಾಡಿಯನ್ನು ಕಾಲೂರಿ ಹಿಡಿದುಕೊಂಡರು. ನಟ್ಟು ಸಡಿಲ ಮಾಡಿದ್ದು ನಾನು, ತಳ್ಳಿ ನೋಡಿದ್ದು ಜಯಮ್ಮ. ಪೆಡಲ್ ಒತ್ತಿದರೆ ಹಿಡಿಯುವಷ್ಟು, ಬಿಟ್ಟರೆ ಪೂರಾ ಬಿಡುವಷ್ಟು ಸಡಿಲವಾದ ಕೂಡಲೇ ಗಾಡಿ ಅತ್ತೆಯನ್ನು ಹೊತ್ತುಕೊಂಡು ಅಂಗಳದಲ್ಲಿ ಸಲೀಸಾಗಿ ಮುಂದೆ ಹೋಯಿತು. ನನಗೆ ತಡೆಯಲಾಗದೆ ಅಳು ಬಂತು. ಎಷ್ಟೋ ದಿನದಿಂದ ಎದೆಯ ಮೇಲಿದ್ದ ಕಲ್ಲನ್ನು ಯಾರೋ ಎತ್ತಿಟ್ಟ ಹಾಗೆ ಉಸಿರಾಡಿದೆ.

ಅತ್ತೆ ಇಳಿದು ಜಯಮ್ಮನ ಕಡೆ ತಿರುಗಿ, ಬೀದಿಗೆಲ್ಲ ಕೇಳಿಸುವಂತೆ, "ನೋಡಿದ್ಯಾ ಜಯಮ್ಮ, ಕಾಲ್ಗುಣ ನಂದೂ ಸರಿ ಇಲ್ಲ ಕಣೇ" ಅಂದರು. ಜಯಮ್ಮ, "ಅಯ್ಯೋ ಬಿಡಕ್ಕ, ಎಲ್ರುದೂ ಅಷ್ಟೇಯ" ಎಂದು ಪೊರಕೆಯನ್ನು ಬೆನ್ನ ಹಿಂದೆ ಮಾಡಿಕೊಂಡರು. "ನಡೀರಿ ನೀವಿಬ್ರೂ" ಎಂದು ಅತ್ತೆ ನನ್ನನ್ನು ಸೀಟಿನ ಕಡೆಗೆ ನೂಕಿದರು. "ಹೊತ್ತು ಮುಳುಗೋಕೆ ಮುಂಚೆ ವಾಪಸ್ ಬರ್ಬೇಕು ಅಂತ ಏನಿಲ್ಲ. ಬೀಗಿತ್ತಿಗೆ ಗುಣ ಆಗೋವರೆಗೂ ನೀನು ಅಲ್ಲೇ ಇರು."

ಕೆರೆ ಏರಿ ದಾಟುವಾಗ ನಾನು ಮೂಗನ್ನು ಎಷ್ಟು ಚುರುಕು ಮಾಡಿಕೊಂಡಿದ್ದೆ ಅಂದರೆ, ದಾರಿಯುದ್ದಕ್ಕೂ ಬಂದ ಹುಲ್ಲಿನ ವಾಸನೆ, ಸಗಣಿಯ ವಾಸನೆ, ಜಾವಗಲ್ಲಿನ ಹೋಟೆಲಿನ ಬೋಂಡದ ವಾಸನೆ ಒಂದೊಂದೂ ಇವತ್ತಿಗೂ ನೆನಪಿದೆ. ಸುಟ್ಟ ವಾಸನೆ ಬರಲಿಲ್ಲ. ಅಮ್ಮ ನನ್ನ ಕೈಯಿಂದ ಗಂಜಿ ಕುಡಿದಳು. ಜ್ವರ ಇಳಿಯಿತು. ಅವಳು ಎದ್ದು ಓಡಾಡುವವರೆಗೂ ನಾನು ಅಲ್ಲೇ ಇದ್ದೆ. ಆಮೇಲೆ ಎಷ್ಟೋ ವರ್ಷ ಬದುಕಿದಳು, ನನ್ನ ಮಕ್ಕಳಿಗೆಲ್ಲ ಎಣ್ಣೆ ನೀರು ಹಾಕಿದಳು.

ಇಷ್ಟು ಹೇಳಿ ನನಗೆ ಬಾಯಾರಿತು. ಬ್ಯಾಗಿನಿಂದ ಮನೆಯ ನೀರಿನ ಬಾಟಲಿ ತೆಗೆದೆ. ಎಷ್ಟೋ ಕಟ್ಟುಪಾಡುಗಳನ್ನು ನಾನು ಸಡಿಲ ಬಿಟ್ಟಿದ್ದೇನೆ, ಆದರೆ ಹೊರಗೆ ಹೊರಟರೆ ಬಟ್ಟೆಯಲ್ಲಿ ಸೋಸಿದ ಮನೆಯ ನೀರು ಜೊತೆಗಿರಲೇಬೇಕು. ಇದು ಅತ್ತೆಯಿಂದ ಬಂದ ಅಭ್ಯಾಸ. ಅತ್ತೆ ಬೇಲೂರಿಗೆ ಹೋಗಿ ಬರುವುದಾದರೂ ಹಿತ್ತಾಳೆಯ ಚೊಂಬಿನಲ್ಲಿ ಸೋಸಿದ ನೀರು ತುಂಬಿ, ಅದರ ಬಾಯಿಗೆ ಬಟ್ಟೆ ಕಟ್ಟಿ ಹಿಡಿದುಕೊಂಡೇ ಹೊಸ್ತಿಲು ದಾಟುತ್ತಿದ್ದರು. ಬೇರೆಯವರ ಮನೆಯಲ್ಲಿ ಒಂದು ಹನಿ ಮುಟ್ಟಿದವರಲ್ಲ.

ಮುಚ್ಚಳ ತಿರುಗಿಸುತ್ತಿದ್ದ ಕೈ ಅಲ್ಲೇ ನಿಂತಿತು. ಅವತ್ತು ಅವರ ಒಂದು ಕೈ ಮಗನ ಹೆಗಲ ಮೇಲಿತ್ತು, ಇನ್ನೊಂದು ಸರಳಿನ ಮೇಲಿತ್ತು. ಚೊಂಬು ಇರಲಿಲ್ಲ. ಅರಸೀಕೆರೆಯವರೆಗೆ ಹೊರಟವರು ನೀರು ತೆಗೆದುಕೊಂಡಿರಲಿಲ್ಲ.

ಅತ್ತೆ ಅರಸೀಕೆರೆಗೆ ಹೊರಟಿರಲೇ ಇಲ್ಲ. ನನ್ನ ಬದಲು ಇನ್ನೊಬ್ಬ ಭಾರದ ಹೆಂಗಸು ಕೂತರೆ ಗಾಡಿ ಏನು ಮಾಡುತ್ತದೆ ಎಂದು ನೋಡುವುದಕ್ಕೆ ಹೊರಟಿದ್ದರು. ಬೀದಿಯ ಯಾವ ಹೆಂಗಸನ್ನು ಮಗನ ಬೆನ್ನ ಹಿಂದೆ ಕೂರಿಸಲಾದೀತು? ಹೆಂಡತಿಯನ್ನು ಬಿಟ್ಟರೆ ಹೆತ್ತ ತಾಯಿ ಒಬ್ಬಳೇ. ಗಾಡಿ ಕಂಡರೆ ಹೆದರುತ್ತಿದ್ದ ಹೆಂಗಸು, ಜಯಮ್ಮ ನೋಡುತ್ತಿರುವಾಗಲೇ, ಕಣ್ಣು ಮುಚ್ಚಿಕೊಂಡು ಹತ್ತಿದ್ದು ನನಗಾಗಿ. ತಾವೇ ಒಪ್ಪಿದ್ದ ಮಾತನ್ನು ಬೀದಿಯ ಎದುರಿಗೇ ಅಳಿಸಿ ಹಾಕುವುದಕ್ಕಾಗಿ. "ನನಗೂ ಹಾಗೇ ಅನ್ನಿಸ್ತಿದೆ" ಎಂಬ ಅವರ ಮಾತು ಇಷ್ಟು ವರ್ಷ ಎದೆಯ ಯಾವುದೋ ಮೂಲೆಯಲ್ಲಿ ಸಣ್ಣ ಮುಳ್ಳಾಗಿ ಉಳಿದಿತ್ತು. ಮುರಿದ ಮುಳ್ಳು ತಾನಾಗಿ ಹೊರಗೆ ಬಂದಂತೆ ಹಗುರವಾಯಿತು. ಅತ್ತೆ ಹೋಗಿ ಎಷ್ಟೋ ಕಾಲವಾಯಿತು. ಈಗ ಇದನ್ನು ಯಾರಿಗೆ ಹೇಳಲಿ?

ಪಕ್ಕದಲ್ಲಿದ್ದ ಅಡಗೂರಿನವಳ ಕೈ ಹಿಡಿದು, "ಅವತ್ತು ನಮ್ಮತ್ತೆ ನೀರು ತಗೊಂಡಿರ್ಲಿಲ್ಲ ಕಣಮ್ಮ" ಅಂದೆ. ಅವಳಿಗೆ ಏನು ಅರ್ಥವಾಯಿತೋ, ನನ್ನ ಒದ್ದೆಯಾದ ಕಣ್ಣು ನೋಡಿ ತನ್ನ ಬಾಟಲಿಯ ಮುಚ್ಚಳ ತೆಗೆದು, "ತಗಳಿ ಅಜ್ಜಿ, ಕುಡೀರಿ" ಎಂದು ಮುಂದೆ ಹಿಡಿದಳು. ನನ್ನ ಇನ್ನೊಂದು ಕೈಯಲ್ಲಿ ತುಂಬಿದ ಬಾಟಲಿ ಹಾಗೇ ಇತ್ತು. ಆದರೂ ಅವಳದನ್ನು ಇಸಕೊಂಡು ಗಟಗಟನೆ ಕುಡಿದೆ.